ಕರಿ ಕಂಬಳಿ

ಅಕ್ಕ, ನಿಮ್ಮ ಮನೆಯಲ್ಲಿ ಕಂಬಳಿ ಇದೆಯಾ? ಎಲ್ಲಿಟ್ಟಿದ್ದೀರಿ? ಪೆಟ್ಟಿಗೆಯ ತಳದಲ್ಲಾ, ಕೈಗೆ ಸಿಗುವ ಕಡೆನಾ?

ಕಂಬಳಿ ಹಾಸೋಕೂ ಬೇಕು, ಹೊದೆಯೋಕೂ ಬೇಕು. ನೆಂಟರು ಬಂದರೆ ಜಗಲಿ ಮೇಲೆ ಹಾಸಿ ಕೂರಿಸುತ್ತೇವೆ. ಮಳೆ ಬಂದರೆ ಕೊಪ್ಪೆ ಮಾಡಿ ತಲೆ ಮೇಲೆ ಹಾಕಿಕೊಳ್ಳುತ್ತೇವೆ. ಹಾಲುಮತದವರ ಮನೆಯಲ್ಲಿ ದೇವರ ಗದ್ದುಗೆಗೂ ಕಂಬಳಿಯೇ ಆಗಬೇಕು.

ಚಳ್ಳಕೆರೆ, ಮೆಡ್ಲೇರಿ ಕಡೆ ಕಂಬಳಿ ನೇಯುತ್ತಾರೆ. ವರ್ಷಕ್ಕೆ ಎರಡು ಸಲ ಕುರಿಯ ಉಣ್ಣೆ ಕತ್ತರಿಸುತ್ತಾರೆ. ಮರಿಯ ಮೊದಲ ಉಣ್ಣೆ ಬಲು ಮೆತ್ತಗೆ. ಉಣ್ಣೆಯನ್ನು ಹಿಂಜಿ, ಹೆಂಗಸರು ರಾಟೆಯಲ್ಲಿ ನೂಲು ತೆಗೆಯುತ್ತಾರೆ. ದಿನಗಟ್ಟಲೆ ಕೂತರೆ ಒಂದು ಕಂಬಳಿಯ ನೂಲು. ನೇಯ್ದವರನ್ನು ಎಲ್ಲರೂ ಹೊಗಳುತ್ತಾರೆ. ನೂತವಳನ್ನು ಕೇಳೋರಿಲ್ಲ!

ಹುಣಸೆ ಬೀಜ ಅರೆದು, ಗಂಜಿ ಕಾಯಿಸಿ, ಹಾಸಿನ ನೂಲಿಗೆ ಹಚ್ಚುತ್ತಾರೆ. ಆಗ ನೂಲು ಗಟ್ಟಿಯಾಗುತ್ತೆ. ಹೊಸ ಕಂಬಳಿ ಬಿರುಸಾಗಿರೋದು ಅದಕ್ಕೇ. ಬಳಸುತ್ತಾ ಮೆತ್ತಗಾಗುತ್ತೆ. ಬಿಸಿ ನೀರಲ್ಲಿ ಮಾತ್ರ ಒಗೆಯಬೇಡಿ, ಮುದುಡಿಕೊಳ್ಳುತ್ತೆ.

ಈಗ ಸಂತೆಯಲ್ಲಿ ಬಣ್ಣಬಣ್ಣದ ಹೊದಿಕೆ ಸಿಗುತ್ತವೆ. ಬೆಲೆ ಕಡಿಮೆ. ಆದರೆ ಎಷ್ಟೋ ಹೊದಿಕೆಗಳಲ್ಲಿ ಉಣ್ಣೆಯೇ ಇರಲ್ಲ. ತಿಳಿಯೋದು ಹೇಗೆ? ಅಂಚಿನ ಒಂದು ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತೆ. ಬೂದಿ ಬೆರಳಲ್ಲಿ ಪುಡಿಯಾಗುತ್ತೆ. ಪಾಲಿಯೆಸ್ಟರ್ ಆದರೆ ಕರಗಿ, ಆರಿದ ಮೇಲೆ ಗಟ್ಟಿ ಮಣಿಯಾಗುತ್ತೆ.

ಇದು ಬರೀ ದುಡ್ಡಿನ ಮಾತಲ್ಲ ಅಕ್ಕ. ಉಣ್ಣೆ ಬೇಗ ಉರಿ ಹಿಡಿಯಲ್ಲ, ಕರಗಿ ಮೈಗೆ ಅಂಟಲ್ಲ. ಒಲೆ ಮುಂದೆ ಸೆರಗಿಗೆ ಬೆಂಕಿ ಹತ್ತಿತು ಅನ್ನಿ. ಗಾಬರಿಯಲ್ಲಿ ಓಡಿದರೆ ಗಾಳಿಗೆ ಬೆಂಕಿ ಜಾಸ್ತಿಯಾಗುತ್ತೆ. ಓಡಬಾರದು, ನೆಲಕ್ಕೆ ಮಲಗಿ ಉರುಳಬೇಕು. ಹತ್ತಿರ ಇದ್ದವರು ಕಂಬಳಿ ತಂದು ಕತ್ತಿನಿಂದ ಕೆಳಗೆ ಬಿಗಿಯಾಗಿ ಸುತ್ತಬೇಕು. ಮುಖ ಮುಚ್ಚಬಾರದು. ಗಾಳಿ ಸಿಗದೆ ಬೆಂಕಿ ಆರುತ್ತೆ. ಆರಿದ ಕೂಡಲೇ ಕಂಬಳಿ ತೆಗೆಯಿರಿ. ಬಳೆ, ಉಂಗುರ ಬಿಚ್ಚಿ. ಸುಟ್ಟ ಜಾಗಕ್ಕೆ 20 ನಿಮಿಷ ತಣ್ಣೀರು ಹಾಕಿ. ಮೈಗೆ ಅಂಟಿದ ಬಟ್ಟೆ ಕೀಳಬೇಡಿ. ಶಾಯಿ, ಪೇಸ್ಟು, ಎಣ್ಣೆ ಏನೂ ಹಚ್ಚಬೇಡಿ. ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಪೆಟ್ಟಿಗೆಯ ಕಂಬಳಿ ತೆಗೆದು ಬಿಸಿಲಿಗೆ ಹಾಕಿ, ಕೊಡವಿ. ಅಡುಗೆಮನೆ ಬಾಗಿಲ ಹೊರಗೆ ಒಂದು ಗೂಟ ಹೊಡೆದು ನೇತುಹಾಕಿ. ಮಕ್ಕಳಿಗೂ ಆ ಗೂಟ ತೋರಿಸಿ.