ಆಡಿನ ಮರಿಯು ಕುಂಟಿದಾಗ

ಆಡನ್ನು ಬಡವರ ಹಸುವೆಂದು ಕರೆಯುವ ವಾಡಿಕೆಯುಂಟು. ಸಹ್ಯಾದ್ರಿಯ ತಪ್ಪಲಿನ ನಮ್ಮ ಶಂಕರನಾರಾಯಣದ ಸುತ್ತಲಿನ ಊರುಗಳಲ್ಲಿ ಗದ್ದೆ ತೋಟಗಳಿಲ್ಲದ ಮನೆಗೆ ಎರಡು ಆಡುಗಳಿದ್ದರೆ ಅವೇ ಆಸ್ತಿ. ಮಕ್ಕಳ ಪುಸ್ತಕಕ್ಕೂ ಮುದುಕರ ಔಷಧಕ್ಕೂ ಒಂದು ಮರಿಯನ್ನು ಮಾರಿ ಬಂದ ಹಣವೇ ಒದಗುವುದುಂಟು. ಅಂತಹ ಮರಿಯು ಒಂದು ಮುಂಜಾನೆ ಕಾಲೆತ್ತಿಕೊಂಡು ನಿಂತರೆ ಮನೆಯವರು ಮಾಡುವುದೇನು? ಎಲ್ಲಿಯೋ ಉಳುಕಿರಬೇಕೆಂದು ಎಣ್ಣೆ ತಿಕ್ಕಿ, ನಾಲ್ಕು ದಿನ ನೋಡೋಣವೆಂದು ಬಿಡುತ್ತಾರೆ. ಉಳುಕೇ ಆಗಿದ್ದರೆ ಇದರಿಂದ ಕೇಡಿಲ್ಲ. ಕಾರಣವು ಬೇರೆಯಾಗಿದ್ದರೆ ಆ ನಾಲ್ಕು ದಿನಗಳಲ್ಲಿಯೇ ಮರಿಯು ಕೈತಪ್ಪಿಹೋಗಬಹುದು. ವೈದ್ಯರು ‘ನಿದಾನ’ವೆಂದು ಕರೆಯುವ ಕಾರಣವಿಚಾರಕ್ಕೂ ನಮ್ಮ ‘ನಿಧಾನ’ಕ್ಕೂ ಉಚ್ಚಾರದಲ್ಲಿ ಅಲ್ಪ ವ್ಯತ್ಯಾಸವಿದ್ದರೂ ಫಲದಲ್ಲಿ ಬಹಳ ವ್ಯತ್ಯಾಸವುಂಟು.

ಕುಂಟುವುದು ರೋಗದ ಕುರುಹು ಮಾತ್ರ, ರೋಗವನ್ನು ಹುಡುಕಬೇಕಾಗುತ್ತದೆ. ಸುಶ್ರುತ ಸಂಹಿತೆಯ ನಿದಾನಸ್ಥಾನದಲ್ಲಿ ಒಂದು ಕಾಲು ಕೆಟ್ಟವನನ್ನು ಖಂಜನೆಂದೂ ಎರಡೂ ಕೆಟ್ಟವನನ್ನು ಪಂಗುವೆಂದೂ ವಿಂಗಡಿಸಿದೆ. ಆ ಮಾತು ಮನುಷ್ಯರನ್ನು ಕುರಿತದ್ದಾದರೂ ಮರಿಯ ವಿಷಯದಲ್ಲಿಯೂ ಕೇಳತಕ್ಕ ಮೊದಲ ಪ್ರಶ್ನೆಯು ಇದೇ: ಕೆಟ್ಟಿರುವುದು ಒಂದು ಕಾಲೋ, ಹಲವೋ?

ಇದನ್ನರಿಯಲು ಮರಿಯನ್ನು ಹಿಡಿಯುವುದಕ್ಕೆ ಮೊದಲು ದೂರದಿಂದ ನೋಡಬೇಕು. ಸಮವಾದ ಅಂಗಳದಲ್ಲಿ ಅದನ್ನು ಮೆಲ್ಲಗೆ ನಡೆಸಿರಿ. ಮುಂಗಾಲು ನೋಯುತ್ತಿದ್ದರೆ ಆ ಕಾಲನ್ನು ಊರುವಾಗ ತಲೆಯು ಮೇಲಕ್ಕೇಳುತ್ತದೆ, ಒಳ್ಳೆಯ ಕಾಲನ್ನೂರುವಾಗ ತಗ್ಗುತ್ತದೆ. ಆಮೇಲೆ ಗೊರಸಿನಿಂದ ತೊಡಗಿ ಹೆಗಲಿನವರೆಗೂ ತೊಡೆಯವರೆಗೂ ಬೆರಳಾಡಿಸಿ, ಬಿಸಿ, ಬಾವು, ನೋವುಗಳನ್ನು ಇನ್ನೊಂದು ಕಾಲಿನೊಡನೆ ಹೋಲಿಸಿ ನೋಡಬೇಕು. ಕೊನೆಗೆ ಜ್ವರಮಾಪಕವನ್ನು ಗುದದಲ್ಲಿಟ್ಟು ನೋಡಬೇಕು. ಆಡಿಗೆ ೧೦೨ರಿಂದ ೧೦೩ ಡಿಗ್ರಿ ಫ್ಯಾರನ್‌ಹೀಟ್ ಸಹಜವಾದುದು. ೧೦೪ನ್ನು ಮೀರಿದರೆ ಜ್ವರವೆಂದು ಶಂಕಿಸಬೇಕು.

ಒಂದೇ ಕಾಲು ಕೆಟ್ಟಿದ್ದರೆ ಮೊದಲು ಗೊರಸನ್ನು ನೋಡತಕ್ಕದ್ದು. ಮುಳ್ಳೋ ಮುರಕಲ್ಲಿನ ಚೂರೋ ಸಿಕ್ಕಿಕೊಂಡಿರಬಹುದು. ನಮ್ಮ ಹಟ್ಟಿಗಳಲ್ಲಿ ಗೊಬ್ಬರಕ್ಕಾಗಿ ಸೊಪ್ಪು ಹಾಸುವ ಪದ್ಧತಿಯಿದೆ. ಅದು ತೋಟಕ್ಕೆ ಹಿತವೇ ಹೌದು. ಆದರೆ ಜೂನ್ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಸುರಿಯುವ ಮಳೆಯಲ್ಲಿ ಆ ಹಾಸು ಒಣಗುವುದೇ ಇಲ್ಲ. ಅದರಲ್ಲಿ ನಿಂತ ಮರಿಯ ಗೊರಸಿನ ಸಂದಿಯ ಚರ್ಮವು ನೆನೆದು ಬೆಳ್ಳಗಾಗಿ, ಕೆಂಪೇರಿ, ರೋಗಾಣುಗಳಿಗೆ ದಾರಿಯಾಗುತ್ತದೆ. ದುರ್ಗಂಧವಿದ್ದು ಗೊರಸು ಅಡಿಯಿಂದ ಬಿಟ್ಟುಕೊಂಡಿದ್ದರೆ ಅದು ಗೊರಸುಕೊಳೆ. ಕಾಲನ್ನು ತೊಳೆದು, ಹತ್ತು ಲೀಟರ್ ನೀರಿಗೆ ೧ ಕಿಲೋಗ್ರಾಂನಷ್ಟು ಜಿಂಕ್ ಸಲ್ಫೇಟ್ ಕರಗಿಸಿದ ದ್ರಾವಣದಲ್ಲಿ ಕೆಲವು ನಿಮಿಷ ನಿಲ್ಲಿಸಿ, ಒಣನೆಲಕ್ಕೆ ಬಿಡಬೇಕು. ಅಡಕೆಯ ಔಷಧಿಗೆ ತಂದಿಟ್ಟ ಮೈಲುತುತ್ತವೂ ಈ ಕೆಲಸಕ್ಕೆ ಬರುವುದಾದರೂ ಮರಿಯು ಅದನ್ನು ನೆಕ್ಕಿದರೆ ವಿಷವಾದೀತು. ಗೊರಸು ಶುದ್ಧವಾಗಿದ್ದು ಕಾಲು ನೇತಾಡುತ್ತಿದ್ದರೆ ಎಲುಬು ಮುರಿದಿದೆಯೆಂದು ತಿಳಿಯಬೇಕು. ಆಗ ತಿಕ್ಕುವುದು ಸಲ್ಲದು. ಹತ್ತಿಯನ್ನು ಸುತ್ತಿ, ಬಿದಿರಿನ ಕಡ್ಡಿಗಳನ್ನು ಮುರಿದ ಜಾಗದ ಮೇಲಿನ ಮತ್ತು ಕೆಳಗಿನ ಸಂಧಿಗಳೆರಡೂ ಅಲುಗದಂತೆ ಹಗುರವಾಗಿ ಕಟ್ಟಿ ವೈದ್ಯರಲ್ಲಿಗೆ ಒಯ್ಯಬೇಕು.

ಹಲವು ಕಾಲುಗಳು ಕೆಟ್ಟಿದ್ದರೆ ದೋಷವು ಹೆಚ್ಚಾಗಿ ಕಾಲಿನ ಹೊರಗಿರುತ್ತದೆ. ಹುಟ್ಟಿ ಕೆಲವೇ ವಾರಗಳಾದ ಮರಿಯ ಸಂಧಿಗಳು ಬಾತು ಬಿಸಿಯಾಗಿದ್ದು, ಅದು ಹಾಲು ಕುಡಿಯಲೊಲ್ಲದಿದ್ದರೆ, ಕೂಡಲೇ ಹೊಕ್ಕುಳನ್ನು ಮುಟ್ಟಿ ನೋಡಿರಿ. ಅದು ದಪ್ಪಗೆ ಒದ್ದೆಯಾಗಿದ್ದರೆ ರೋಗಾಣುಗಳು ಆ ಬಾಗಿಲಿನಿಂದ ರಕ್ತವನ್ನು ಸೇರಿ ಸಂಧಿಗಳಲ್ಲಿ ನೆಲೆಸಿರುವ ಸಂಭವವು ಬಲವಾಗಿರುತ್ತದೆ. ಇದೇ ಸಂಧಿರೋಗ. ಎಣ್ಣೆಯಿಂದ ಇದು ಇಳಿಯದು. ವೈದ್ಯರು ಕೊಡುವ ರೋಗಾಣುನಾಶಕ ಔಷಧವು ಬೇಗನೆ ಬಿದ್ದರೆ ಮಾತ್ರ ಮರಿಯು ಮತ್ತೆ ನೆಟ್ಟಗೆ ನಡೆದೀತು. ತಡವಾದರೆ ಪ್ರಾಣ ಉಳಿದರೂ ಸಂಧಿಯು ಉಳಿಯುವುದು ಕಷ್ಟ.

ಜ್ವರವಿಲ್ಲದೆ, ಹಾಲಿನ ಆಸೆಯೂ ಕುಂದದೆ, ಮೈ ಬಿಗಿದು ಹಿಂಗಾಲುಗಳು ಸೋತಿದ್ದರೆ ಸೆಲೆನಿಯಂ ಮತ್ತು ‘ಇ’ ಜೀವಸತ್ವಗಳ ಕೊರತೆಯಿಂದ ಮಾಂಸಖಂಡಗಳು ಕೆಟ್ಟಿರಬಹುದು. ಸೆಲೆನಿಯಂ ಮಿತಿಮೀರಿದರೆ ವಿಷವಾದ್ದರಿಂದ ಅದನ್ನು ವೈದ್ಯರೇ ಕೊಡತಕ್ಕದ್ದು. ಮುಂಗಾಲುಗಳು ಬಿಲ್ಲಿನಂತೆ ಬಾಗಿ, ಸಂಧಿಗಳು ಬಿಸಿಯಿಲ್ಲದೆ ಗಂಟುಕಟ್ಟಿದ್ದರೆ ಮಳೆಗಾಲವೆಲ್ಲ ಕತ್ತಲ ಹಟ್ಟಿಯಲ್ಲಿ ಬಿಸಿಲು ಕಾಣದೆ ಬೆಳೆದ ಮರಿಯ ಎಲುಬು ಬಲಿತಿಲ್ಲವೆಂದು ಊಹಿಸಬಹುದು. ದನಗಳ ಹೊಟ್ಟೆಯಲ್ಲಿ ಉಪದ್ರವ ಕೊಡದೆ ಇರುವ ಒಂದು ಜಾತಿಯ ಹುಳುವು ಸೊಳ್ಳೆಗಳ ಮೂಲಕ ಆಡನ್ನು ಸೇರಿ ಬೆನ್ನುಹುರಿಯನ್ನು ಕೆಡಿಸುವುದೂ ಉಂಟು. ಆಗ ಮೇವು ತಿನ್ನುತ್ತಿದ್ದ ಪ್ರಾಣಿಯು ಹಠಾತ್ತಾಗಿ ಸೊಂಟ ಕುಸಿಯುತ್ತದೆ. ಇನ್ನು, ಹಟ್ಟಿಯ ಹಲವು ಆಡುಗಳು ಒಮ್ಮೆಗೇ ಕುಂಟಿ, ಬಾಯಲ್ಲಿಯೂ ಗೊರಸಿನ ಸಂದಿಯಲ್ಲಿಯೂ ಬೊಕ್ಕೆಗಳೆದ್ದಿದ್ದರೆ ಅದು ಕಾಲುಬಾಯಿ ಜ್ವರವಿರಬೇಕು. ಎಳೆಯ ಮರಿಗಳಲ್ಲಿ ಅದು ಹೃದಯಕ್ಕೆ ತಗುಲಿ ಕುರುಹು ಕಾಣುವ ಮೊದಲೇ ಕೊಲ್ಲುವುದುಂಟು. ಅಂತಹ ಹಟ್ಟಿಯ ಪ್ರಾಣಿಗಳನ್ನು ಹೊರಗೆ ಮೇಯಲು ಬಿಡಬಾರದು.

ಒಟ್ಟಿನಲ್ಲಿ ಜ್ವರ, ಬಿಸಿಯಾದ ಬಾವು, ಹಾಲಿನ ಮೇಲೆ ಅರುಚಿ, ಏಳಲಾರದಿರುವುದು—ಈ ನಾಲ್ಕರಲ್ಲಿ ಒಂದಿದ್ದರೂ ಅಂದೇ ಪಶುವೈದ್ಯರನ್ನು ಕಾಣಬೇಕು. ಸಂಚಾರಿ ಪಶುಚಿಕಿತ್ಸೆಗೆ ೧೯೬೨ ಎಂಬ ದೂರವಾಣಿ ಸಂಖ್ಯೆಯಿದೆ.

ಇವುಗಳಲ್ಲಿ ಹಲವನ್ನು ಬಾರದಂತೆ ತಡೆಯುವುದು ಗೃಹಿಣಿಯರ ಕೈಯಲ್ಲಿಯೇ ಇದೆ. ಮರಿ ಹುಟ್ಟಿದೊಡನೆ ಹೊಕ್ಕುಳನ್ನು ಟಿಂಕ್ಚರ್ ಅಯೋಡಿನ್ನಿನಲ್ಲಿ ಅದ್ದಬೇಕು. ಒಂದೆರಡು ಗಂಟೆಗಳೊಳಗೆ ಗಿಣ್ಣುಹಾಲನ್ನು ಕುಡಿಸತೊಡಗಿ, ಮೊದಲ ದಿನದಲ್ಲಿ ಮೈತೂಕದ ಹತ್ತರಲ್ಲೊಂದು ಭಾಗದಷ್ಟಾದರೂ ಕುಡಿಸಬೇಕು. ಅಡಕೆ ದಬ್ಬೆಗಳಿಂದ ನೆಲದ ಮೇಲೊಂದು ಅಟ್ಟಣೆಯನ್ನು ಕಟ್ಟಿದರೆ ನೀರೂ ಹಿಕ್ಕೆಯೂ ಕೆಳಗಿಳಿದು ಗೊರಸು ಒಣಗಿರುತ್ತದೆ. ದಬ್ಬೆಗಳ ನಡುವಣ ಸಂದಿಯು ಮರಿಯ ಕಾಲು ಸಿಕ್ಕದಷ್ಟು ಕಿರಿದಾಗಿರಲಿ. ಮಳೆಯು ಬಿಟ್ಟ ಹೊತ್ತಿನಲ್ಲಿ ಮರಿಯನ್ನು ಅಂಗಳದ ಬಿಸಿಲಿಗೆ ಬಿಡಿರಿ. ದಿನವೂ ಹಾಲೂಡಿಸುವ ಹೊತ್ತಿಗೆ ಅದರ ನಡಿಗೆಯನ್ನು ಒಂದು ಸಲ ಕಣ್ಣಿಟ್ಟು ನೋಡುವ ಅಭ್ಯಾಸವನ್ನು ಮನೆಯ ಮಕ್ಕಳಿಗೆ ಕಲಿಸಿರಿ. ಬಾಯಿಲ್ಲದ ಜೀವವು ತನ್ನ ನೋವನ್ನು ನಡಿಗೆಯಲ್ಲಿಯೇ ಹೇಳಿಕೊಳ್ಳುತ್ತದೆ.