ಮಾತನಾಡುತ್ತಿದ್ದೆ

“ಏನ್ ಮಾಡ್ತಿದ್ದೆ?” ಎಂದು ಹೊಳೆನರಸೀಪುರದ ಸಂತೆಯಲ್ಲಿ ಒಬ್ಬ ಗೆಳೆಯ ಕೇಳುತ್ತಾನೆ. “ಊಟ ಮಾಡ್ತಿದ್ದೆ” ಎನ್ನುತ್ತಾನೆ ಇನ್ನೊಬ್ಬ. ಪ್ರಶ್ನೆಯಲ್ಲಿನ ‘ಇದ್ದೆ’ ನೀನು. ಉತ್ತರದಲ್ಲಿನ ‘ಇದ್ದೆ’ ನಾನು. ಗ್ರಂಥಭಾಷೆ ‘ಇದ್ದೆನು’ ಎಂದು ಎರಡನ್ನೂ ಬೇರ್ಪಡಿಸುತ್ತದೆ. ಆಡುಮಾತಿಗೆ ಆ ಗೊಡವೆಯಿಲ್ಲ.

ಸ್ಪ್ಯಾನಿಷ್ ಕಲಿಯಹೊರಟ ಕನ್ನಡಿಗನಿಗೆ ಈ ರೂಪವೇ ಒಳ್ಳೆಯ ಊರುಗೋಲು. ಆ ಭಾಷೆಯಲ್ಲಿ ‘ಆಬ್ಲಾರ್’ ಎಂದರೆ ಮಾತನಾಡುವುದು. ಕೊನೆಯ ‘ಆರ್’ ಕಳಚಿ ಅಪೂರ್ಣ ಭೂತಕಾಲದ ಪ್ರತ್ಯಯ ಸೇರಿಸಿದರೆ ‘ಆಬ್ಲಾಬಾ’, ನಾನು ಮಾತನಾಡುತ್ತಿದ್ದೆ, ‘ಆಬ್ಲಾಬಾಸ್’, ನೀನು, ‘ಆಬ್ಲಾಬಾ’, ಅವನು ಅಥವಾ ಅವಳು, ‘ಆಬ್ಲಾಬಾಮೋಸ್’, ನಾವು, ‘ಆಬ್ಲಾಬಾಯಿಸ್’, ನೀವು, ‘ಆಬ್ಲಾಬಾನ್’, ಅವರು. ನಮ್ಮ ಸಂತೆಯಲ್ಲಿ ನಾನು ಮತ್ತು ನೀನು ಒಂದಾದರೆ, ಅಲ್ಲಿ ನಾನು ಮತ್ತು ಅವನು ಒಂದಾಗುತ್ತಾರೆ. ತಿನ್ನುವ ‘ಕೊಮೇರ್’, ಬಾಳುವ ‘ಬಿವೀರ್’ ಮೊದಲಾದವು ‘ಕೊಮೀಯಾ’, ‘ಬಿವೀಯಾ’ ಎಂದು ಇನ್ನೊಂದು ಜಾಡು ಹಿಡಿಯುತ್ತವೆ. ಇರುವುದು, ಹೋಗುವುದು, ನೋಡುವುದು, ಈ ಮೂರು ಧಾತುಗಳು ಮಾತ್ರ ನಿಯಮಕ್ಕೆ ಸಗ್ಗುವುದಿಲ್ಲ. ನಮ್ಮಲ್ಲಿಯೂ ಹಾಗೆಯೇ: ‘ಬಂದ’, ‘ಹೋದ’, ‘ಬಿದ್ದ’ ಎಂದು ದಿಕ್ಕಿಗೊಂದಾಗಿ ಓಡುವ ಧಾತುಗಳು ‘ಉತ್ತ’ದ ಮುಂದೆ ‘ಇರು’ ಬಂದೊಡನೆ ಬರುತ್ತಿದ್ದ, ಹೋಗುತ್ತಿದ್ದ, ಬೀಳುತ್ತಿದ್ದ ಎಂದು ಸಾಲಾಗಿ ನಿಲ್ಲುತ್ತವೆ.

ರೂಪ ಸುಲಭ, ಬಳಸುವಲ್ಲಿ ವಿವೇಕ ಬೇಕು. “ಮಳೆ ಸುರಿಯುತ್ತಿತ್ತು, ಚನ್ನರಾಯಪಟ್ಟಣದ ಬಸ್ಸು ಬಂತು.” ಸುರಿಯುವುದು ಹಿನ್ನೆಲೆ, ಬರುವುದು ಘಟನೆ. ಸ್ಪ್ಯಾನಿಷ್ ಕೂಡ ಮೊದಲನೆಯದಕ್ಕೆ ಅಪೂರ್ಣವನ್ನು, ಎರಡನೆಯದಕ್ಕೆ ಪೂರ್ಣವನ್ನು ಬಳಸುತ್ತದೆ. ಆದರೆ ‘ನನಗೆ ಗೊತ್ತಿತ್ತು’ ಎನ್ನುವಲ್ಲಿ ಅವರಿಗೆ ಅಪೂರ್ಣವೇ ಬೇಕು. ನಮಗೆ ‘ಉತ್ತ’ ಬೇಡ.

ಹಾಸನದ ಸಮೀಪ ಶೆಟ್ಟಿಹಳ್ಳಿಯಲ್ಲಿ 19ನೆಯ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಇಗರ್ಜಿಯೊಂದರ ಪಾಳುಗೋಡೆಗಳಿವೆ. ಗೊರೂರಿನಲ್ಲಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು 1979ರಲ್ಲಿ ಮುಗಿದ ಮೇಲೆ ಅದು ಹಿನ್ನೀರಿನ ಪಾಲಾಯಿತು. ಮಳೆಗಾಲದಲ್ಲಿ ಮುಳುಗಿ ಬೇಸಗೆಯಲ್ಲಿ ಮೇಲೇಳುತ್ತದೆ. ‘ಇಲ್ಲಿ ಜನ ಪ್ರಾರ್ಥಿಸಿದರು’ ಎಂದರೆ ಲೆಕ್ಕ ಮುಗಿಯಿತು. ‘ಪ್ರಾರ್ಥಿಸುತ್ತಿದ್ದರು’ ಎಂದಾಗ ಭಾನುವಾರಗಳು ಒಂದರ ಹಿಂದೊಂದು ಬರುತ್ತವೆ. ಎಂದು ಮೊದಲಾಯಿತು, ಎಂದು ನಿಂತಿತು ಎಂಬುದನ್ನು ಕ್ರಿಯಾಪದ ಹೇಳುವುದಿಲ್ಲ. ಊರು ಬಿಟ್ಟು ಬಂದವರ ಬಾಯಲ್ಲಿ ಸಹಜವಾಗಿ ಬರುವುದು ಈ ಎರಡನೆಯದೇ.

ಕನ್ನಡದ ಈ ರೂಪಕ್ಕೆ ಇನ್ನೊಂದು ಕೆಲಸವೂ ಉಂಟು. ಅರಕಲಗೂಡು ಕಡೆ ಹೊಲ ಮುಳುಗಿದವನೊಬ್ಬ “ನೀರು ಬರದಿದ್ದರೆ ಈಗಲೂ ಅಲ್ಲೇ ಉಳುತ್ತಿದ್ದೆ” ಎಂದರೆ, ಅದು ನಡೆದುದಲ್ಲ, ನಡೆಯದೆ ಹೋದದ್ದು. ಸ್ಪ್ಯಾನಿಷ್ ಶಿಷ್ಟಭಾಷೆ ಇದಕ್ಕೆ ಬೇರೆಯೇ ಪ್ರತ್ಯಯ ಕೊಟ್ಟಿದೆ. ಕನ್ನಡ ಎರಡಕ್ಕೂ ಒಂದನ್ನೇ ಇಟ್ಟುಕೊಂಡಿದೆ.