ಹೊಸ ಮಿಕ್ಸಿ ಬೇಕೆ?

ಚಟ್ನಿ ಅರೆಯುತ್ತಿದ್ದ ನಮ್ಮ 500 ವಾಟಿನ ಮಿಕ್ಸಿ ಮೊನ್ನೆ ಕಿಡಿ ಕಾರಿ ನಿಂತುಹೋಯಿತು. 750 ವಾಟಿನದೊಂದನ್ನು ಕೊಳ್ಳೋಣವೆಂದು ಮನೆಯಲ್ಲಿ ಮಾತು ಹುಟ್ಟಿತು. ಹಣ ತೆರುವ ಮುನ್ನ ಎರಡು ಪ್ರಶ್ನೆಗಳನ್ನು ಕೇಳಿಕೊಂಡೆವು.

ಮೊದಲನೆಯದು: ವಾಟ್ ಎಂದರೇನು? ಪೂರ್ಣ ಭಾರದಲ್ಲಿ ಯಂತ್ರವು ಸೆಕೆಂಡಿಗೆ ಎಷ್ಟು ಜೂಲ್ ವಿದ್ಯುಚ್ಛಕ್ತಿಯನ್ನು ಸೆಳೆಯುವುದೆಂಬುದರ ಅಳತೆ ಅದು. ಎಷ್ಟು ನುಣ್ಣಗೆ ಅರೆಯುವುದೆಂಬುದರ ಅಳತೆಯಲ್ಲ. 750 ವಾಟಿನದು 10 ನಿಮಿಷ ದುಡಿದರೂ, 500 ವಾಟಿನದು 15 ನಿಮಿಷ ದುಡಿದರೂ ವ್ಯಯವಾಗುವುದು 4,50,000 ಜೂಲ್, ಅಂದರೆ ಒಂದು ಯೂನಿಟ್ಟಿನ ಎಂಟರಲ್ಲಿ ಒಂದು ಪಾಲು. ಅದರ ಬಹುಭಾಗ ಕೊನೆಗೆ ಶಾಖವಾಗಿ ಪರಿಣಮಿಸುತ್ತದೆ. ಅರೆದ ಹಿಟ್ಟು ಬೆಚ್ಚಗಾಗುವುದು ಇದರಿಂದಲೇ. ದಿನವೂ ಗಟ್ಟಿ ಹಿಟ್ಟನ್ನು ಅರೆಯುವವರಿಗೆ ದೊಡ್ಡ ಮೋಟಾರು ಬೇಕು. ಚಿಕ್ಕದು ಭಾರಕ್ಕೆ ಬಳಲಿ ಬಿಸಿಯೇರುತ್ತದೆ. ನಮ್ಮ ಚಟ್ನಿಗೆ ಚಿಕ್ಕದೇ ಸಾಕು.

ಎರಡನೆಯದು: ಕೆಟ್ಟುದೇನು? ಮಿಕ್ಸಿಯ ಮೋಟಾರಿನಲ್ಲಿ ತಿರುಗುವ ಸುರುಳಿಗಳಿಗೆ ವಿದ್ಯುತ್ತನ್ನು ಮುಟ್ಟಿಸುವವು ಇಂಗಾಲದ ಎರಡು ತುಂಡುಗಳು. ಇವೇ ಕಾರ್ಬನ್ ಬ್ರಷ್‌ಗಳು. ತಾಮ್ರದ ಪಟ್ಟಿಗಳಿಂದಾದ, ವೇಗವಾಗಿ ತಿರುಗುವ ಉರುಳೆಯ ಮೇಲೆ ಸ್ಪ್ರಿಂಗುಗಳು ಅವನ್ನು ಒತ್ತಿ ಹಿಡಿದಿರುತ್ತವೆ. ತಾಮ್ರ ಉಳಿಯಲೆಂದೇ ಮೆದುವಾದ ಇಂಗಾಲವನ್ನು ಬಳಸಿದೆ. ಸವೆಯುವುದೇ ಅದರ ಕೆಲಸ. ಅತಿಯಾಗಿ ಸವೆದಾಗ ಸಂಪರ್ಕ ಸಡಿಲಗೊಂಡು ಕಿಡಿ ಹಾರುತ್ತದೆ. ಕಡೆಗೆ ಯಂತ್ರ ನಿಲ್ಲುತ್ತದೆ.

ರಿಪೇರಿಯವರು ಹೊಸ ಬ್ರಷ್‌ಗಳನ್ನು ಹಾಕಿಕೊಟ್ಟರು. ಮಿಕ್ಸಿ ಮತ್ತೆ ಮೊರೆಯಿತು. ಸುರುಳಿಯೇ ಸುಟ್ಟಿದ್ದರೆ ನಮ್ಮ ತೀರ್ಮಾನ ಬೇರೆಯಾಗುತ್ತಿತ್ತು. ವಾಚಕರೂ ಕೊಳ್ಳುವ ಮೊದಲು ಹಳೆಯದನ್ನು ಪರೀಕ್ಷೆ ಮಾಡಿಸಲಿ. ಆದರೆ ಪ್ಲಗ್ಗನ್ನು ಕಳಚದೆ ಯಂತ್ರವನ್ನು ಯಾರೂ ಬಿಚ್ಚಕೂಡದು.